ಪ್ರಮಾಣ ಆಯ್ತು, ಸೀಲು ಬಂತು: ಇನ್ನು ಮುಂದೆ ನಿಮ್ಮ ಜಿಪಿಎ ಕೆಲಸ ಹೀಗೆ ನಡೆಯುತ್ತದೆ

ಮೋರಿಸ್ವಿಲ್, ನಾರ್ತ್ ಕೆರೊಲಿನಾ
ಮೇ 12, 2020

ನಮಸ್ಕಾರ,

ನಿಮ್ಮಲ್ಲಿ 11 ಜನರ ಕಾಗದಪತ್ರ, ಅಂದರೆ ಭಾರತದಲ್ಲಿರುವ ಆಸ್ತಿ ನೋಡಿಕೊಳ್ಳಲು ಇನ್ನೊಬ್ಬರಿಗೆ ಕೊಡುವ ಜಿಪಿಎ (ಅಧಿಕಾರಪತ್ರ) ಥರದ್ದು, ಮಾರ್ಚ್ ಕೊನೆಯಿಂದ ನಮ್ಮ ಕಪಾಟಿನಲ್ಲೇ ಕೂತಿದೆ. ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ನೋಡೋಣ" ಅಂದಿದ್ದೇವೆ, ಆ ಮುಂದಿನ ವಾರ ಬರಲೇ ಇಲ್ಲ. ಮೊದಲು ಅದಕ್ಕೆ ಕ್ಷಮೆ ಕೇಳುತ್ತೇನೆ. ಈಗ ವಿಷಯಕ್ಕೆ ಬರುತ್ತೇನೆ. ಈ ಶನಿವಾರ, ಮೇ 16ರಿಂದ ನಾವು ಮತ್ತೆ ನೋಟರಿ ಕೆಲಸ ಶುರು ಮಾಡುತ್ತಿದ್ದೇವೆ. ಸೀಲು ಹಾಕುವವರು ಮಾತ್ರ ಬೇರೆ, ಜಾಗವೂ ಬೇರೆ.

ಇದುವರೆಗೆ ಸೀಲು ಹಾಕುತ್ತಿದ್ದವರು ನಮ್ಮ ಮಾವನವರು. ನಿಮಗೆಲ್ಲ ಗೊತ್ತು, ಸಹಿ ಹಾಕಿಸೋಕೆ ಬಂದವರಿಗೆ ಫಿಲ್ಟರ್ ಕಾಫಿ ಕೊಟ್ಟು, ಊರು ಯಾವುದು, ಸೈಟು ಎಲ್ಲಿ, ತಮ್ಮನ ಹೆಸರಿಗೆ ಯಾಕೆ ಜಿಪಿಎ ಕೊಡ್ತಿದ್ದೀರಿ ಎಂದು ಎಲ್ಲ ವಿಚಾರಿಸಿದ ಮೇಲೇ ಅವರು ಸೀಲಿನ ಡಬ್ಬಿ ತೆಗೆಯುತ್ತಿದ್ದದ್ದು. ಅವರಿಗೀಗ 71 ವರ್ಷ, ಮೇಲೆ ಉಬ್ಬಸ ಬೇರೆ. ಮಾರ್ಚ್ 10ಕ್ಕೆ ಗವರ್ನರ್ ರಾಯ್ ಕೂಪರ್ ಕೊರೊನಾದಿಂದಾಗಿ ರಾಜ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ದಿನವೇ ಡಾಕ್ಟರು ಅವರಿಗೆ ಹೊರಗಿನವರ ಜೊತೆ ಕೂರಬೇಡಿ ಎಂದುಬಿಟ್ಟರು. ಅವರ ಬದಲು ನನ್ನ ನಾದಿನಿ ನೋಟರಿ ಆಗುವುದು ಮೊದಲೇ ಗೊತ್ತಾಗಿತ್ತು. ಫೆಬ್ರವರಿಯಲ್ಲೇ ಕಮ್ಯುನಿಟಿ ಕಾಲೇಜಿನಲ್ಲಿ ಆರು ಗಂಟೆಯ ಕೋರ್ಸ್ ಮುಗಿಸಿ, ಪರೀಕ್ಷೆ ಪಾಸಾಗಿ, 50 ಡಾಲರ್ ಕಟ್ಟಿ ಅರ್ಜಿ ಹಾಕಿದ್ದಳು.

ಆರು ಗಂಟೆ ಕೋರ್ಸಿಗೆ ನೋಟರಿಯಾ ಎಂದು ನಗಬೇಡಿ. ಊರಲ್ಲಾದರೆ ಹತ್ತು ವರ್ಷ ವಕೀಲಿಕೆ ಮಾಡಿದವರು, ಕೆಲವರಿಗೆ ಏಳು ವರ್ಷ, ಅವರೇ ನೋಟರಿ ಆಗಬೇಕು ನಿಜ. ಇಲ್ಲಿ ನೋಟರಿ ನಿಮ್ಮ ಪತ್ರದ ಒಳಗಿನ ಮಾತು ಸರಿಯೋ ತಪ್ಪೋ ಹೇಳುವುದಿಲ್ಲ, ಹೇಳುವ ಹಾಗೂ ಇಲ್ಲ. ನನ್ನ ಎದುರಿಗೆ ಬಂದವರು ಇವರೇ, ಸಹಿ ಇವರದ್ದೇ, ಯಾರೂ ಬಲವಂತ ಮಾಡಿದ ಹಾಗೆ ಕಾಣಲಿಲ್ಲ, ಇಷ್ಟಕ್ಕೆ ಅವರು ಸಾಕ್ಷಿ.

ಕಮಿಷನ್, ಅಂದರೆ ನೋಟರಿ ಆಗುವ ಅಧಿಕಾರ, ಮಂಜೂರಾದ ಪತ್ರ ಬಂತು, ತಾರೀಖು ಮಾರ್ಚ್ 24. ಅಲ್ಲಿಗೆ ಕೆಲಸ ಆಯ್ತು ಎಂದುಕೊಂಡೆವು. ಆಗಿರಲಿಲ್ಲ. ಈ ರಾಜ್ಯದಲ್ಲಿ ಕಮಿಷನ್ ಸಿಕ್ಕ 45 ದಿನದೊಳಗೆ ಕೌಂಟಿಯ (ಇಲ್ಲಿನ ಜಿಲ್ಲೆಯ) ರಿಜಿಸ್ಟರ್ ಆಫ್ ಡೀಡ್ಸ್, ಅಂದರೆ ಆಸ್ತಿಪತ್ರ ನೋಂದಾಯಿಸುವ ಅಧಿಕಾರಿಯ ಮುಂದೆ ಹೋಗಿ ಪ್ರಮಾಣವಚನ ತೆಗೆದುಕೊಳ್ಳಬೇಕು. ಅದಕ್ಕೆ 10 ಡಾಲರ್ ಫೀಸು. ಪ್ರಮಾಣ ಆದ ಮೇಲೇ ಕಮಿಷನ್ ಸರ್ಟಿಫಿಕೇಟು ಕೈಗೆ ಬರೋದು. 45 ದಿನ ದಾಟಿದರೆ ಮತ್ತೆ ಅರ್ಜಿಯಿಂದ ಶುರು. ಪ್ರಮಾಣಕ್ಕೆ ಮೊದಲೇ ಒಂದು ಸೀಲು ಹಾಕಿದರೂ ಅದು ಕ್ರಿಮಿನಲ್ ಅಪರಾಧ.

ಪತ್ರ ಕೈಗೆ ಬರುವ ಹೊತ್ತಿಗೆ ಆ ಅಧಿಕಾರಿಯ ಕಚೇರಿಯ ಬಾಗಿಲು ಸಾರ್ವಜನಿಕರಿಗೆ ಮುಚ್ಚಿತ್ತು. ಮಾರ್ಚ್ 30ರ ಸಂಜೆ ಐದಕ್ಕೆ ಮನೆಯಲ್ಲೇ ಇರಿ ಎಂಬ ಆದೇಶವೂ ಜಾರಿಗೆ ಬಂತು. ಫೋನ್ ಮಾಡಿದರೆ ರೆಕಾರ್ಡ್ ಮಾಡಿಟ್ಟ ಧ್ವನಿ. ಈಮೇಲಿಗೆ ಉತ್ತರ ಬಂತು, ಆದರೆ ದಾರಿ ಹುಡುಕುತ್ತಿದ್ದೇವೆ, ಸ್ವಲ್ಪ ಕಾಯಿರಿ ಎಂದಷ್ಟೇ. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ, ಮನೆ ಕೊಂಡವರ, ಸಾಲ ತೆಗೆದವರ ಪತ್ರಗಳೆಲ್ಲ ಅದೇ ನಾಲ್ಕು ಜನರ ಕೈಯಲ್ಲಿ ಓಡಾಡುತ್ತಿದ್ದವು.

ನಿಮ್ಮಲ್ಲಿ ಮೂರ್ನಾಲ್ಕು ಜನ ಕೇಳಿದಿರಿ, ಪ್ರಮಾಣ ತಾನೇ, ಫೋನಲ್ಲೇ ಹೇಳಿಸಿಬಿಟ್ಟರೆ ಆಗಲ್ವಾ ಎಂದು. ನಾನೂ ಅದನ್ನೇ ಕೇಳಿದ್ದೆ. ಅಧಿಕಾರಿಯ ಮುಂದೆ ಹಾಜರಾಗಬೇಕು ಎಂದು ಕಾನೂನಿನಲ್ಲಿದೆ, ಹಾಜರು ಎಂದರೆ ಎದುರಿಗೆ ನಿಲ್ಲುವುದು ಎಂದೇ ಅವರ ಲೆಕ್ಕ. ಯೋಚಿಸಿದರೆ ಅವರು ಹೇಳಿದ್ದರಲ್ಲೂ ಅರ್ಥ ಇದೆ. ಪ್ರತಿಯೊಬ್ಬರನ್ನೂ ಎದುರಿಗೆ ನಿಲ್ಲಿಸಿ ಮುಖ ನೋಡಿಯೇ ಸೀಲು ಹಾಕು ಎಂದು ಯಾರಿಗೆ ಅಧಿಕಾರ ಕೊಡುತ್ತಾರೋ ಅವರ ಮುಖವನ್ನೇ ಯಾರೂ ನೋಡಲಿಲ್ಲ ಅಂದರೆ ಹೇಗೆ? ಹಾಗಂತ ಆ ದಿನಗಳಲ್ಲಿ ಇದು ನನಗೆ ಸಮಾಧಾನ ಕೊಟ್ಟಿತು ಎಂದರೆ ಸುಳ್ಳು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಮೇ 8ಕ್ಕೆ ಕೆಂಪು ಸುತ್ತು ಹಾಕಿ ದಿನಾ ಎಣಿಸುತ್ತಿದ್ದೆವು.

ಕೊನೆಗೆ ಏಪ್ರಿಲ್ 29, ಬುಧವಾರ ಹತ್ತೂವರೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. 36ನೇ ದಿನ. ಕಟ್ಟಡದ ಒಳಗೆ ಬಿಡಲಿಲ್ಲ. ಹೊರಗೆ ಬಾಗಿಲ ಪಕ್ಕ ಒಂದು ಮಡಚುವ ಮೇಜು, ಅದರ ಮೇಲೆ ಸ್ಯಾನಿಟೈಸರ್ ಬಾಟಲಿ, ಗಾಳಿಗೆ ಹಾರದಿರಲಿ ಎಂದು ಟೇಪ್ ಡಿಸ್ಪೆನ್ಸರ್ ಹೇರಿಟ್ಟ ಫಾರಂ. ಸಹಾಯಕ ಅಧಿಕಾರಿ ಆರಡಿ ಆಚೆ ನಿಂತು ಲೈಸೆನ್ಸ್ ಮೇಜಿನ ಮೇಲಿಡಿ ಎಂದರು, ನಾದಿನಿ ಇಟ್ಟು ಹಿಂದೆ ಸರಿದಳು, ಅವರು ಬಂದು ನೋಡಿದರು, ಮಾಸ್ಕ್ ಒಂದು ಕ್ಷಣ ಕೆಳಗಿಳಿಸಿ ಎಂದರು. ಆಮೇಲೆ ಬಲಗೈ ಎತ್ತಿ ಎಂದು ಒಂದೊಂದೇ ಸಾಲು ಹೇಳಿಕೊಟ್ಟರು. ದೇವರ ಹೆಸರಿನಲ್ಲಿ ಬೇಡವೆಂದರೆ ದೃಢೀಕರಿಸುತ್ತೇನೆ ಎಂದೂ ಹೇಳಬಹುದು, ನಿಮ್ಮಿಷ್ಟ ಎಂದರು. ನಾದಿನಿ ದೇವರೇ ಇರಲಿ ಎಂದಳು. ಅಮೆರಿಕದ ಸಂವಿಧಾನ, ಈ ರಾಜ್ಯದ ಸಂವಿಧಾನ ಎಲ್ಲ ಆಯಿತು, ನೋಟರಿ ಕೆಲಸ ಕಾನೂನಿನ ಪ್ರಕಾರ ಮಾಡುತ್ತೇನೆ ಎನ್ನುವ ಸಾಲಿಗೆ ಬರುವ ಹೊತ್ತಿಗೆ ಪಕ್ಕದ ರಸ್ತೆಯಲ್ಲಿ ಕಸದ ಲಾರಿ ರಿವರ್ಸ್ ತೆಗೆದುಕೊಳ್ಳತೊಡಗಿತು, ಬೀಪ್ ಬೀಪ್ ಎಂದು, ಏನೂ ಕೇಳಿಸಲಿಲ್ಲ. ಆ ಸಾಲು ಎರಡು ಸಲ ಹೇಳಬೇಕಾಯಿತು. ಮಾವನವರು ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದರು, ನಾನು ತಿರುಗಿ ನೋಡಿದರೆ ಅವರ ಬಲಗೈಯೂ ಮೇಲಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಅಭ್ಯಾಸ ಅಂದರು!

ಸೀಲಿನಲ್ಲಿ ಹೆಸರು, ಕೌಂಟಿ, ರಾಜ್ಯ ಎಲ್ಲ ಇರಬೇಕು, ಅದನ್ನು ಮಾಡಿಸಿ ತರಿಸಲು ಇನ್ನೊಂದು ವಾರ ಹಿಡಿಯಿತು. ನೋಡಲು ಚಿಕ್ಕ ವಿಷಯ. ಆದರೆ ಹೋದ ವರ್ಷ ನಮ್ಮ ಗ್ರಾಹಕರೊಬ್ಬರ ಜಿಪಿಎಯನ್ನು ಊರಿನ ಒಂದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸೀಲು ಮಸುಕಾಗಿದೆ, ಓದಲಾಗುತ್ತಿಲ್ಲ ಎಂದು ವಾಪಸ್ ಕಳಿಸಿದ್ದರು. ತಪ್ಪು ನಮ್ಮದೇ, ಇಂಕು ಒಣಗಿತ್ತು. ಹೊಸ ಸೀಲನ್ನು ಹಳೇ ದಿನಪತ್ರಿಕೆಯ ಮೇಲೆ ಇಪ್ಪತ್ತು ಸಲ ಒತ್ತಿ ನೋಡಿದ್ದೇವೆ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲೇ ಕಾಗದ ಕೊಟ್ಟಿದ್ದೇವಲ್ಲ, ಮಾರ್ಚ್ ತಾರೀಖನ್ನೇ ಹಾಕಿಕೊಡಿ ಎಂದು ಇಬ್ಬರು ಕೇಳಿದ್ದೀರಿ. ಆಗುವುದಿಲ್ಲ. ನೀವು ಯಾವತ್ತು ನಾದಿನಿಯ ಎದುರಿಗೆ ನಿಲ್ಲುತ್ತೀರೋ ಅದೇ ತಾರೀಖು. ಮಾರ್ಚ್‌ನಲ್ಲಿ ಅವಳು ನೋಟರಿಯೇ ಆಗಿರಲಿಲ್ಲ, ಅಂಥ ಪತ್ರವನ್ನು ನಾಳೆ ನಿಮ್ಮ ದಾಯಾದಿಗಳು ಕೋರ್ಟಿನಲ್ಲಿ ಎಳೆದರೆ ಐದು ನಿಮಿಷ ನಿಲ್ಲುವುದಿಲ್ಲ.

ಇನ್ನು ವಿಡಿಯೋ ವಿಷಯ. ಮೇ 4ರಂದು ಗವರ್ನರ್ ಸಹಿ ಹಾಕಿದ ಹೊಸ ಕಾನೂನಿನಲ್ಲಿ ಆಗಸ್ಟ್ 1ರವರೆಗೆ ವಿಡಿಯೋ ಮೂಲಕ ನೋಟರಿ ಮಾಡಲು ಅವಕಾಶ ಕೊಟ್ಟಿದ್ದಾರೆ. ಸುದ್ದಿ ಬಂದ ದಿನವೇ ವಾಟ್ಸಾಪ್ ತುಂಬಿಹೋಯಿತು. ಸ್ವಲ್ಪ ತಡೆಯಿರಿ. ಸಹಿ ಹಾಕುವವರೂ ನೋಟರಿಯೂ ಇಬ್ಬರೂ ಇದೇ ರಾಜ್ಯದ ನೆಲದ ಮೇಲಿರಬೇಕು, ಹಾಗಾಗಿ ಮೈಸೂರಿನಲ್ಲಿ ಸಿಕ್ಕಿಕೊಂಡಿರುವ ನಿಮ್ಮ ತಂದೆಯವರ ಸಹಿಗೆ ಇದು ಉಪಯೋಗಕ್ಕೆ ಬರುವುದಿಲ್ಲ, ಕ್ಯಾಲಿಫೋರ್ನಿಯಾದ ಅಣ್ಣನಿಗೂ ಅಷ್ಟೇ. ತುರ್ತು ವಿಡಿಯೋ ನಿಯಮದ ಪ್ರಕಾರ ಮಾಡಿದ್ದು ಎಂದು ಪತ್ರದ ಮೇಲೇ ಬರೆಯಬೇಕು. ನಾವು ಅದರ ವಿವರವನ್ನು ಒಂದು ಪುಸ್ತಕದಲ್ಲಿ ಬರೆದು ಹತ್ತು ವರ್ಷ ಇಟ್ಟುಕೊಳ್ಳಬೇಕು.

ಇಲ್ಲಿನ ಕಾಗದಗಳಿಗೆ, ಅಂದರೆ ಶಾಲೆಯ ಅಫಿಡವಿಟ್, ಕಾರಿನ ಟೈಟಲ್ (ಒಡೆತನದ ಪತ್ರ) ಥರದ್ದಕ್ಕೆ ಅದನ್ನು ತೆಗೆದುಕೊಳ್ಳುವ ಕಚೇರಿ ಒಪ್ಪಿದರೆ ವಿಡಿಯೋದಲ್ಲಿ ಮಾಡಿಕೊಡುತ್ತೇವೆ. ಊರಿನ ಆಸ್ತಿಯ ಜಿಪಿಎಗೆ ಮಾಡುವುದಿಲ್ಲ. ಭಾರತದ 1908ರ ನೋಂದಣಿ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ದೇಶದ ಹೊರಗಿರುವವರು ಕೊಡುವ ಜಿಪಿಎ ನೋಟರಿ, ಭಾರತದ ಕಾನ್ಸುಲ್ ಮುಂತಾದವರ ಮುಂದೆ ಬರೆದುಕೊಟ್ಟದ್ದಾಗಿರಬೇಕು. ಆ 'ಮುಂದೆ' ಅನ್ನುವುದರಲ್ಲಿ ಲ್ಯಾಪ್‌ಟಾಪ್ ಪರದೆಯೂ ಸೇರುತ್ತದಾ ಎಂದು ನಿಮ್ಮ ಅಪ್ಪನ ಸೈಟಿನ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ. ಅವಸರವಾದರೂ ಎದುರಿಗೇ ಬನ್ನಿ.

ಬರುವುದು ಎಲ್ಲಿಗೆ ಅಂದರೆ ನಮ್ಮ ಕಾರು ನಿಲ್ಲಿಸುವ ಶೆಡ್ಡಿಗೆ. ಮೇಜು ಹಾಕಿದ್ದೇವೆ, ಮೇಲೆ ಚಾವಣಿ ಇದೆ, ಮೂರು ಕಡೆ ಗಾಳಿ. ಶನಿವಾರ, ಭಾನುವಾರ ಮಾತ್ರ, ಒಂದು ಗಂಟೆಗೆ ಒಂದೇ ಮನೆಯವರು, ಮೊದಲೇ ವಾಟ್ಸಾಪ್ ಮಾಡಿ ಟೈಮು ತೆಗೆದುಕೊಳ್ಳಿ. ಮನೆಯಲ್ಲೇ ಸಹಿ ಹಾಕಿಕೊಂಡು ಬರಬೇಡಿ, ಪ್ರತಿ ಪುಟಕ್ಕೂ ಇಲ್ಲೇ ಹಾಕಿ. ಫೋಟೋ ಅಂಟಿಸಿಕೊಂಡು ಬಂದರೆ ಒಳ್ಳೆಯದು, ಅದರ ಮೇಲಿನ ಸಹಿಯೂ ಇಲ್ಲೇ. ಪೆನ್ನು ನಿಮ್ಮದೇ, ನೀಲಿ ಇಂಕು. ಮೊದಲಾದರೆ ಸಾಕ್ಷಿಗೆ ಪಕ್ಕದ ಮನೆಯವರನ್ನು ಕೂಗುತ್ತಿದ್ದೆವು, ಈಗ ಅದು ಸರಿಯಲ್ಲ, ಇಬ್ಬರು ಸಾಕ್ಷಿಗಳನ್ನು ನೀವೇ ಕರೆತನ್ನಿ. ಪಾಸ್‌ಪೋರ್ಟ್ ಮರೆಯಬೇಡಿ, ಅದರಲ್ಲಿರುವ ಹೆಸರೂ ಊರಿನ ಕ್ರಯಪತ್ರದಲ್ಲಿರುವ ಹೆಸರೂ ಒಂದೇನಾ ನೋಡಿಕೊಳ್ಳಿ. ನಮ್ಮ ಇನಿಷಿಯಲ್‌ಗಳ ಕಥೆ ಗೊತ್ತಲ್ಲ, ಅಲ್ಲಿ ಹೆಚ್.ಎಸ್. ಎಂದಿದ್ದದ್ದು ಇಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬಿಚ್ಚಿಕೊಂಡು ಒಂದೂವರೆ ಸಾಲು ಆಗಿರುತ್ತದೆ. ಎರಡು ಹೆಸರೂ ಒಬ್ಬರದ್ದೇ ಎಂದು ಪತ್ರದಲ್ಲೇ ಒಂದು ಸಾಲು ಸೇರಿಸಿಕೊಂಡು ಬನ್ನಿ.

ದರ ಬದಲಾಗಿಲ್ಲ. ಒಂದು ಸಹಿಗೆ 5 ಡಾಲರಿಗಿಂತ ಜಾಸ್ತಿ ತೆಗೆದುಕೊಳ್ಳಲು ಈಗಿನ (2020ರ) ಕಾನೂನೂ ಬಿಡುವುದಿಲ್ಲ. ಅಪೊಸ್ಟಿಲ್ (ಬೇರೆ ದೇಶದಲ್ಲಿ ತೋರಿಸಲು ನೋಟರಿಯ ಸೀಲು ನಿಜ ಎಂದು ರಾಜ್ಯ ಕೊಡುವ ದೃಢೀಕರಣ) ಬೇಕಾದವರಿಗೆ ರಾಜ್ಯದ ಫೀಸು ಪತ್ರಕ್ಕೆ 10 ಡಾಲರ್, ನಮ್ಮ ಓಡಾಟದ ಖರ್ಚು ಮೊದಲಿನಷ್ಟೇ. ಕಾಫಿ ಮಾತ್ರ ಸದ್ಯಕ್ಕೆ ಇಲ್ಲ.

ಪತ್ರ ಊರಿಗೆ ತಲುಪಿದ ಮೇಲೆ ಮೂರು ತಿಂಗಳೊಳಗೆ ಅದಕ್ಕೆ ಅಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತಲುಪಿದ ದಿನದಿಂದ ಲೆಕ್ಕ, ನೀವು ಇಲ್ಲಿ ಸಹಿ ಹಾಕಿದ ದಿನದಿಂದಲ್ಲ. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ ಎಂದು ಮನೆಯವರಿಗೆ ಹೇಳಿ, ಅದರ ಮೇಲಿನ ತಾರೀಖು ಬೇಕಾಗುತ್ತದೆ.

ಕಪಾಟಿನಲ್ಲಿರುವ 11 ಜನರಿಗೆ ಮೊದಲ ಸರದಿ, ಕಾಗದ ಕೊಟ್ಟ ಕ್ರಮದಲ್ಲೇ. ನಾಳೆಯಿಂದ ನಾನೇ ಫೋನ್ ಮಾಡುತ್ತೇನೆ. ಇಷ್ಟರಲ್ಲಿ ಬೇರೆ ಕಡೆ ಮಾಡಿಸಿಕೊಂಡಿದ್ದರೆ ಬೇಜಾರಿಲ್ಲ, ಹೇಳಿಬಿಡಿ ಸಾಕು, ಕೊಟ್ಟ ದುಡ್ಡು ವಾಪಸ್ ಕಳಿಸುತ್ತೇವೆ.

ಇಂತಿ,
ನಿಮ್ಮ ಕಾಗದಪತ್ರದ ಅಂಗಡಿಯವರು

ವಿ.ಸೂ.: ಮಾರ್ಚ್ 7ರ ಶನಿವಾರ ಬಂದವರಲ್ಲಿ ಯಾರೋ ಒಬ್ಬರು ಓದುವ ಕನ್ನಡಕ ಬಿಟ್ಟುಹೋಗಿದ್ದೀರಿ, ಕಂದು ಫ್ರೇಮು, ಎಡಗಡೆ ಕಡ್ಡಿಗೆ ದಾರ ಸುತ್ತಿದೆ. ಸೀಲಿನ ಹಳೇ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದೇವೆ, ಬಂದಾಗ ಕೇಳಿ ತೆಗೆದುಕೊಳ್ಳಿ.