ಭಾನುವಾರದ ಬೆಂಚಿನವರಿಗೆ

ಹೆಸರು ಬರೆಯದೆ ಕೃತಜ್ಞತೆ ಹೇಳುವುದು ಹೇಗೆ ಎಂದು ತುಂಬಾ ದಿನ ಯೋಚಿಸಿದೆ. ನಮ್ಮ ಸಭೆಯ ಕಟ್ಟುಪಾಡೇ ಹಾಗೆ. ಅಲ್ಲಿ ಯಾರನ್ನು ಕಂಡೆವೋ, ಏನು ಕೇಳಿಸಿಕೊಂಡೆವೋ, ಅದು ಅಲ್ಲೇ ಉಳಿಯಬೇಕು. ಹಾಗಾಗಿ ಇಲ್ಲಿ ನಿಮ್ಮ ಯಾರ ಹೆಸರೂ ಇಲ್ಲ, ಊರೂ ಇಲ್ಲ. ಓದುವಾಗ ನಿಮ್ಮ ಗುರುತು ನಿಮಗೆ ಸಿಕ್ಕರೆ ನನಗಷ್ಟೇ ಸಾಕು.

ಗೊತ್ತಿಲ್ಲದವರಿಗೆ ಎರಡು ಮಾತು. ಕುಡಿತಕ್ಕೆ ಬಿದ್ದವರ ಹೆಂಡತಿ, ತಾಯಿ, ಮಕ್ಕಳು ವಾರಕ್ಕೊಮ್ಮೆ ಶಿವಮೊಗ್ಗದಲ್ಲಿ ಕೂತು ಮಾತಾಡುವ ಸಭೆ ನಮ್ಮದು. ನಡೆಯುವುದು ಅಲ್-ಅನಾನ್ ಪದ್ಧತಿಯಲ್ಲಿ. ಕುಡಿತ ಬಿಡಲು ಹೊರಟವರ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಗಂಡಂದಿರು ಒಳಗೆ ಸಭೆಯಲ್ಲಿದ್ದರೆ ಹೆಂಡತಿಯರು ಹೊರಗೆ ಕಾಯುತ್ತಿದ್ದರಂತೆ. ಹಾಗೆ ಕಾಯುತ್ತಿದ್ದವರೇ ಒಬ್ಬರಿಗೊಬ್ಬರು ಕಷ್ಟ ಹೇಳಿಕೊಳ್ಳತೊಡಗಿದರು. 1951ರಲ್ಲಿ ಲೋಯಿಸ್ ಮತ್ತು ಆ್ಯನ್ ಎಂಬ ಇಬ್ಬರು ಹೆಂಗಸರು ಅಂಥ ಗುಂಪುಗಳನ್ನೆಲ್ಲ ಒಂದುಗೂಡಿಸಿದರು. ಅದೇ ಅಲ್-ಅನಾನ್. ಆ ಲೋಯಿಸ್ ಅಮ್ಮನನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಸಭೆಗೆ ಫೀಸಿಲ್ಲ, ಅರ್ಜಿಯಿಲ್ಲ. ಕೊನೆಯಲ್ಲಿ ಒಂದು ಡಬ್ಬಿ ಸುತ್ತು ಬರುತ್ತದೆ, ಆದವರು ಆದಷ್ಟು ಹಾಕುತ್ತಾರೆ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಮನೆಗಳು ಒಂದಕ್ಕೊಂದು ದೂರ. ನಡುವೆ ತೋಟ, ಹಳ್ಳ, ಕಾಡು. ರಾತ್ರಿ ಕೂಗಿದರೂ ಪಕ್ಕದ ಮನೆಗೆ ಕೇಳುವುದಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಸುದ್ದಿ ಮಾತ್ರ ಎಲ್ಲರಿಗೂ ಮುಟ್ಟಿರುತ್ತದೆ. ಮದುವೆ, ತಿಥಿ, ದೀಪಾವಳಿ, ಎಲ್ಲಿಗೆ ಹೋದರೂ ಎರಡೇ ಮಾತು ನನಗೆ ಕಾದಿರುತ್ತಿದ್ದವು. ಒಂದು, ಅಯ್ಯೋ ಪಾಪ. ಇನ್ನೊಂದು, ಹೊಂದಿಕೊಂಡು ಹೋಗು ಮಾರಾಯ್ತಿ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೂ ಆ ಎರಡು ಮಾತು ಕೇಳಬೇಕಾಗುತ್ತದೆಂದೇ ನಾನು ಮನೆಯಿಂದ ಹೊರಡುವುದನ್ನು ಬಿಟ್ಟಿದ್ದೆ.

ಮೊದಲ ಸಲ ಬಂದಾಗ ಜೋರು ಮಳೆ. ಮಂಡಗದ್ದೆ, ಗಾಜನೂರು ದಾಟುವವರೆಗೂ ಬಸ್ಸಿನ ಪಕ್ಕದಲ್ಲೇ ಕೆಂಪು ತುಂಗೆ. ವಾಪಸ್ ಹೋಗಿಬಿಡೋಣ ಅನ್ನಿಸುತ್ತಲೇ ಇತ್ತು. ಸಭೆ ನಡೆಯುವುದು ಶಾಲೆಯೊಂದರ ಕೊಠಡಿಯಲ್ಲಿ, ಚಿಕ್ಕ ಮಕ್ಕಳ ಬೆಂಚು. ಕೂತರೆ ಮೊಣಕಾಲು ಎದೆಗೆ ಬರುತ್ತದೆ. ನನ್ನ ಎದುರು ಒಬ್ಬರು ಅಮ್ಮ ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಹೂಬತ್ತಿ ಮಾಡುತ್ತಿದ್ದರು. ನನ್ನ ಸರದಿ ಬಂತು. ಎರಡು ಮಾತಾಡುವಷ್ಟರಲ್ಲಿ ಅಳು ಬಂತು. ಅಮ್ಮನ ಕೈ ನಿಂತಿತು. ಯಾರೂ ಸಮಾಧಾನ ಹೇಳಲಿಲ್ಲ, ಬೆನ್ನು ತಟ್ಟಲಿಲ್ಲ, ಗಡಿಯಾರ ನೋಡಲಿಲ್ಲ. ನಾನು ಅತ್ತು ಮುಗಿಸುವವರೆಗೆ ಇಡೀ ಕೋಣೆ ನನಗೋಸ್ಕರ ಸುಮ್ಮನೆ ಕೂತಿತ್ತು. ಆಮೇಲೆ ಆ ಅಮ್ಮ ಮತ್ತೆ ಹತ್ತಿ ಕೈಗೆತ್ತಿಕೊಂಡು ತಮ್ಮ ಮನೆಯ ಕಥೆ ಹೇಳಿದರು. ಸ್ಕೂಟರಿನ ಸದ್ದು ಕೇಳಿದೊಡನೆ ಮಕ್ಕಳು ಪುಸ್ತಕ ಮಡಚಿ ಮಲಗಿದಂತೆ ನಟಿಸುವುದು, ಗೇಟು ತೆಗೆಯುವ ರೀತಿಯಲ್ಲೇ ಅವತ್ತಿನ ರಾತ್ರಿ ಹೇಗಿರುತ್ತದೆಂದು ಗೊತ್ತಾಗುವುದು. ಅದು ನನ್ನ ಮನೆಯೇ. ಸಲಹೆ ಕೊಡುವ ಪದ್ಧತಿ ಅಲ್ಲಿಲ್ಲ, ಅವರವರ ಅನುಭವ ಅವರವರು ಹೇಳುತ್ತಾರೆ, ಅಷ್ಟೆ. ಇದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಿಲ್ಲ.

ಇದು ಕಾಯಿಲೆ, ನೀನು ತಂದದ್ದಲ್ಲ, ನಿನ್ನಿಂದ ಹತೋಟಿಗೆ ಬರುವುದಿಲ್ಲ, ನೀನು ವಾಸಿಮಾಡಲೂ ಆಗುವುದಿಲ್ಲ. ಈ ಮಾತು ಕಿವಿಗೆ ಬಿದ್ದದ್ದು ಅವತ್ತೇ. ಒಳಗಿಳಿಯಲು ಒಂದು ಅಡಿಕೆ ಕೊಯ್ಲು ಕಳೆದು ಇನ್ನೊಂದು ಬರಬೇಕಾಯಿತು.

ದೇವರ ವಿಷಯ ಹೇಳಲೇಬೇಕು. ಸೇತುವೆ ಆಗುವ ಎಷ್ಟೋ ಮೊದಲು ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹರಕೆ ಹೊತ್ತು ಬಂದವಳು ನಾನು. ಬೇಡುತ್ತಿದ್ದದ್ದು ಒಂದೇ, ಅವರ ಕುಡಿತ ಬಿಡಿಸು ತಾಯೀ. ನಮ್ಮ ಸಭೆ ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ದೇವರೆಂದರೆ ನಮ್ಮ ನಮ್ಮ ತಿಳಿವಿಗೆ ಬಂದ ದೇವರು. ನನ್ನ ಪಕ್ಕದ ಬೆಂಚಿನ ಅಕ್ಕ ಅಲ್ಲಾನನ್ನು ನೆನೆಯುತ್ತಾರೆ, ಅವರಾಚೆಯ ಹುಡುಗಿಗೆ ಈ ಸಭೆಯೇ ದೇವರು. ಬದಲಿಸಲಾಗದ್ದನ್ನು ಒಪ್ಪುವ ಸಮಾಧಾನ, ಆಗುವುದನ್ನು ಬದಲಿಸುವ ಧೈರ್ಯ, ಯಾವುದು ಯಾವುದೆಂದು ತಿಳಿಯುವ ವಿವೇಕ ಕೊಡು ಎಂದು ಎಲ್ಲರೂ ಒಟ್ಟಿಗೆ ಬೇಡುತ್ತೇವೆ. ಹಾಗೆ ಬೇಡುತ್ತ ಬೇಡುತ್ತ ನನ್ನ ಪ್ರಾರ್ಥನೆಯಲ್ಲಿ ನನಗೂ ಜಾಗವಾಯಿತು. ಈಗ ಬೆಳಗ್ಗೆ ದೀಪ ಹಚ್ಚಿದಾಗ ಕೇಳಿಕೊಳ್ಳುವುದು ಆ ಒಂದು ದಿನದ ಮಟ್ಟಿಗೆ ಮಾತ್ರ. ದೀಪದ ಮುಂದೆ ಭಯವಿಲ್ಲದೆ ಕೂರುವುದು ಇಷ್ಟು ಹಿತವೆಂದು ನನಗೆ ಗೊತ್ತಿರಲಿಲ್ಲ. ಹೊಲಿಗೆ ಯಂತ್ರ ಅಟ್ಟದಿಂದ ಇಳಿಯಿತು. ನನ್ನ ಹೆಸರಿನಲ್ಲೇ ಬ್ಯಾಂಕ್ ಖಾತೆಯೂ ಆಯಿತು.

ಹಾಗಾದರೆ ನಿಮ್ಮ ಮನೆಯವರು ಬಿಟ್ಟರಾ ಎಂದು ಎಲ್ಲರೂ ಕೇಳುತ್ತಾರೆ. ಅದು ಅವರ ಕಥೆ, ಹೇಳಬೇಕಾದವರು ಅವರು. ನನ್ನ ನೆಮ್ಮದಿ ಆ ಉತ್ತರವನ್ನು ಕಾಯುತ್ತಾ ಕೂತಿಲ್ಲ.

ವಾರ ತಪ್ಪದೆ ಬೀಗ ತೆಗೆದು ಕಸ ಗುಡಿಸಿಡುವ ಟೀಚರಿಗೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ‘ಹೇಳಿ’ ಎಂದಷ್ಟೇ ಅಂದು ಕೇಳಿಸಿಕೊಂಡ ಅಕ್ಕನಿಗೆ, ಹೂಬತ್ತಿಯ ಅಮ್ಮನಿಗೆ ನನ್ನ ನಮಸ್ಕಾರ. ಸಭೆಯಲ್ಲಿಲ್ಲದ ಒಬ್ಬರೂ ಇದ್ದಾರೆ, ನನ್ನ ವಾರಗಿತ್ತಿ. ಪ್ರತಿ ಭಾನುವಾರ ನಮ್ಮ ಕೊಟ್ಟಿಗೆಯ ಹಾಲು ಕರೆದುಕೊಟ್ಟಳು. ಎಲ್ಲಿಗೆ ಹೋಗ್ತೀಯಕ್ಕ ಎಂದು ಒಂದು ದಿನವೂ ಕೇಳಲಿಲ್ಲ.

ಹೋದ ವಾರ ಮಗಳ ನಿಶ್ಚಿತಾರ್ಥ ಚೆನ್ನಾಗಿ ಆಯಿತು. ನೆಂಟರ ಮುಂದೆ ಏನಾಗಿಬಿಡುತ್ತದೋ ಎಂದು ನಡುಗದೆ, ಪಂಕ್ತಿಯಲ್ಲಿ ಕೂತು ಬಿಸಿ ಹೋಳಿಗೆ ತಿಂದೆ. ಲಗ್ನಪತ್ರಿಕೆ ಅಚ್ಚಿಗೆ ಹೋಗಿದೆ. ನಿಮ್ಮ ಮನೆಗಳಿಗೆ ಬಂದು ಕುಂಕುಮ ಕೊಟ್ಟು ಕರೆಯುವ ಹಾಗಿಲ್ಲ, ಆದ್ದರಿಂದ ಸಭೆಗೇ ತರುತ್ತೇನೆ. ಎಲ್ಲರೂ ಬನ್ನಿ. ಯಾರ ಕಡೆಯವರು ಎಂದು ಛತ್ರದ ಬಾಗಿಲಲ್ಲಿ ಕೇಳಿದರೆ, ಹೆಣ್ಣಿನ ಕಡೆಯವರು ಅನ್ನಿ.