ಮೆದುಳಿಗೆ ತಂತಿ ಹಾಕಿಸಿಕೊಂಡವರು ಕಾಸರಗೋಡಿನಲ್ಲೂ ಇದ್ದಾರೆ, ಸಚಿವರೇ

ಕೇರಳ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,

ವಿಷಯ: ಡಿಬಿಎಸ್ ಯಂತ್ರ (ತಂತಿಯ ಮೂಲಕ ಮೆದುಳಿಗೆ ವಿದ್ಯುತ್ ಮಿಡಿತ ಕಳಿಸುವ ಯಂತ್ರ) ಇರುವ ರೋಗಿಗಳನ್ನು ನೋಡಲು ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ತಿಂಗಳಿಗೊಮ್ಮೆ ತಜ್ಞರನ್ನು ಕಳಿಸುವ ಬಗ್ಗೆ ಮತ್ತು ಬ್ಯಾಟರಿ ಬದಲಾವಣೆಯನ್ನು ಚಿಕಿತ್ಸೆ ಎಂದು ಒಪ್ಪುವ ಬಗ್ಗೆ.

ಮಾನ್ಯರೇ,

ನಾನು ಬದಿಯಡ್ಕ ಪಂಚಾಯತಿನ ಅಂಗನವಾಡಿ ಟೀಚರ್. ಸರ್ಕಾರದ ನಮೂನೆ ತುಂಬಿಸುವುದು, ಮೂರು ಪ್ರತಿ ತೆಗೆಯುವುದು, ಸೀಲು ಹಾಕಿಸುವುದು ನನಗೆ ಹೊಸತಲ್ಲ. ಅದೇ ಕ್ರಮದಲ್ಲಿ ಈ ಸಂಗತಿಯನ್ನು ಕೆಳಗಿನಿಂದ ಮೇಲಿನವರೆಗೆ ಎಲ್ಲರಿಗೂ ಬರೆದಾಗಿದೆ. ಪ್ರತಿ ಸಲವೂ ಒಂದು ನಂಬರು ಬಂತು, ಆ ನಂಬರಿನ ಹಿಂದೆ ಯಾರೂ ಬರಲಿಲ್ಲ. ಇನ್ನು ಬಹಿರಂಗವಾಗಿ ಬರೆಯದೆ ದಾರಿಯಿಲ್ಲ. ಕನ್ನಡದಲ್ಲಿ ಬರೆಯುತ್ತಿದ್ದೇನೆ. 1969ರ ಭಾಷಾ ಕಾಯಿದೆ ನಮಗೆ ಆ ಹಕ್ಕು ಕೊಟ್ಟಿರುವುದು ನಿಮಗೆ ಗೊತ್ತೇ ಇದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ಈಗಿನ ನನ್ನ ಸ್ಥಿತಿಯಲ್ಲಿ ಯಾವ ಭಾಷೆಯಲ್ಲಿ ಬಂದರೂ ಓದಿಕೊಳ್ಳುತ್ತೇನೆ, ಬಂದರೆ ಸಾಕು.

ನಮ್ಮ ಮನೆಯವರು ಕಾಸರಗೋಡು–ಪೆರ್ಲ ದಾರಿಯಲ್ಲಿ ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದವರು. ನಲವತ್ತು ದಾಟಿದ ಮೇಲೆ ಎಡಗೈ ನಡುಗಲು ಶುರುವಾಯಿತು. ಅದು ಪಾರ್ಕಿನ್ಸನ್, ನಡುಕ ತಂದು ನಡಿಗೆಯನ್ನೇ ಕಟ್ಟಿಹಾಕುವ ಮೆದುಳಿನ ಕಾಯಿಲೆ. ಮೊದಲು ನಸುಗುನ್ನಿಯ ಪುಡಿ, ಅದು ಇದು ಎಂದು ಮಾಡಿದೆವು. (ಆ ಬೀಜದಲ್ಲಿ ಇರುವುದು ಪಾರ್ಕಿನ್ಸನ್ ಮಾತ್ರೆಯಲ್ಲಿರುವ ಲೆವೊಡೋಪವೇ ಎಂದು ಆಮೇಲೆ ತಿಳಿಯಿತು. ಕೊಟ್ಟ ಪಂಡಿತರನ್ನು ಬೈಯುವ ಹಾಗೂ ಇಲ್ಲ.) ಮಾತ್ರೆ ಕೆಲವು ವರ್ಷ ಚೆನ್ನಾಗಿ ಹಿಡಿಯಿತು. ಬರಬರುತ್ತಾ ಒಂದು ಮಾತ್ರೆಯ ಬಲ ಎರಡು ಗಂಟೆಗೆ ಇಳಿಯಿತು. ಬಲ ಇದ್ದಾಗ ಮೈಯೆಲ್ಲ ತನ್ನಷ್ಟಕ್ಕೆ ಹೊರಳುವುದು, ಇಳಿದಾಗ ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಅಂಟಿ ನಿಲ್ಲುವುದು. ಲೈಸನ್ಸ್ ಹೋಯಿತು, ಕೆಲಸವೂ ಹೋಯಿತು.

ತಿರುವನಂತಪುರದಲ್ಲಿ ಡಿಬಿಎಸ್ ಮಾಡಿಸಿ ಎಂದರು. ತಲೆಬುರುಡೆಯಲ್ಲಿ ಎರಡು ಸಣ್ಣ ತೂತು ಕೊರೆದು, ಒಂದೂವರೆ ಮಿಲಿಮೀಟರಿನಷ್ಟೂ ದಪ್ಪವಿಲ್ಲದ ತಂತಿಗಳನ್ನು ಮೆದುಳಿನ ಆಳಕ್ಕೆ ಇಳಿಸುತ್ತಾರೆ. ಅವು ಕತ್ತಿನ ಚರ್ಮದ ಒಳಗಿನಿಂದ ಕೆಳಗಿಳಿದು, ಕಾಲರ್ ಮೂಳೆಯ ಕೆಳಗೆ ಹೂತಿಟ್ಟ ಬ್ಯಾಟರಿ ಪೆಟ್ಟಿಗೆಗೆ ಸೇರುತ್ತವೆ. ಪೆಟ್ಟಿಗೆ ಸೆಕೆಂಡಿಗೆ ಸುಮಾರು 130 ಸಲ ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಇದೇನು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ಎಂಬ ಡಾಕ್ಟರು ಈ ದಾರಿ ತೆರೆದದ್ದು 1987ರಲ್ಲಿ. ಪಾರ್ಕಿನ್ಸನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ನಿಮ್ಮ ಇಲಾಖೆಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಹಣಕ್ಕೆ ತೋಟದ ಒಂದು ಭಾಗ ಹೋಯಿತು. ಉಳಿದದ್ದಕ್ಕೆ ಅವರ ಜೊತೆಗಾರರು ಒಂದು ದಿನ ಬಸ್ಸುಗಳನ್ನು ಕಾರುಣ್ಯ ಯಾತ್ರೆ ಓಡಿಸಿದರು. ಟಿಕೆಟ್ ಹರಿಯಲಿಲ್ಲ, ಬಕೆಟ್ ಹಿಡಿದುಕೊಂಡು ಹೋದರು. ಹತ್ತು ರೂಪಾಯಿಯ ಪ್ರಯಾಣಕ್ಕೆ ಐನೂರು ಹಾಕಿದವರಿದ್ದಾರೆ. ಅವರಿಗೆಲ್ಲ ನಾನು ಋಣಿ. ಯಂತ್ರ ಚಾಲೂ ಮಾಡಿದ ದಿನ ಇವರು ಲೋಟ ಹಿಡಿದು ಒಂದು ಹನಿ ಚೆಲ್ಲದೆ ಚಹಾ ಕುಡಿದರು. ಅಲ್ಲಿಯವರೆಗೆ ನನ್ನ ದೂರು ಏನೂ ಇಲ್ಲ.

ದೂರು ಆಮೇಲಿನದು. ಯಂತ್ರ ಕೂರಿಸಿದಲ್ಲಿಗೆ ಮುಗಿಯುವುದಿಲ್ಲ. ಮಿಡಿತ ಎಷ್ಟು ಬಲವಾಗಿರಬೇಕು, ತಂತಿಯ ಯಾವ ಬಿಂದುವಿನಿಂದ ಹೊರಡಬೇಕು ಎಂಬುದನ್ನು ಪ್ರೋಗ್ರಾಮರ್ ಎಂಬ ಉಪಕರಣ ಹಿಡಿದು ತಜ್ಞರು ಆಗಾಗ ಹೊಂದಿಸಬೇಕು. ಸ್ವಲ್ಪ ಹೆಚ್ಚಾದರೆ ಮಾತು ತೊದಲುತ್ತದೆ, ಕಡಿಮೆಯಾದರೆ ಕಾಲು ಏಳುವುದಿಲ್ಲ. ಕಾಸರಗೋಡು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನಾನು ಕೇಳಿದ ಕಡೆಯಲ್ಲೆಲ್ಲ ಆ ಉಪಕರಣವನ್ನು ಕಂಡವರೇ ಸಿಗಲಿಲ್ಲ. ಹಾಗಾಗಿ ತಿರುವನಂತಪುರಕ್ಕೇ ಹೋಗಬೇಕು. ಹೊಂದಿಸುವಾಗ ರೋಗ ಪೂರ್ತಿ ಕಾಣಬೇಕಂತೆ. ಅದಕ್ಕೆ ಹಿಂದಿನ ರಾತ್ರಿಯಿಂದ ಮಾತ್ರೆ ಕೊಡುವ ಹಾಗಿಲ್ಲ. ಅಂದರೆ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾಜ್ಯದ ಈ ತುದಿಯಿಂದ ಆ ತುದಿಯವರೆಗೆ, ಇಡೀ ರಾತ್ರಿ, ಮಾತ್ರೆಯಿಲ್ಲದ ಪಾರ್ಕಿನ್ಸನ್ ರೋಗಿಯನ್ನು ಸ್ಲೀಪರಿನಲ್ಲಿ ಕರೆದೊಯ್ಯಬೇಕು. ಮಗ್ಗುಲು ಬದಲಿಸಲು ನಾನೇ ಎತ್ತಿ ತಿರುಗಿಸಬೇಕು. ಓಡುವ ರೈಲಿನ ಟಾಯ್ಲೆಟ್ಟಿನ ಬಾಗಿಲಲ್ಲಿ ಕಾಲು ಅಂಟಿದರೆ ಹಿಂದೆ ಸಾಲು ನಿಂತವರು ಕುಡಿದಿದ್ದಾರೆ ಎಂದುಕೊಳ್ಳುತ್ತಾರೆ. ಒಮ್ಮೆ ಒಬ್ಬರು ಹಾಗೆಂದು ಹೇಳಿಯೇಬಿಟ್ಟರು. ಕಣ್ಣೂರು ದಾಟುವ ಮೊದಲೇ ನನಗೆ ಸಾಕಾಗಿರುತ್ತದೆ, ಮುಂದೆ ಎಂಟು ಜಿಲ್ಲೆಗಳ ದಾರಿ ಇರುತ್ತದೆ. ಅಲ್ಲಿ ಡಾಕ್ಟರು ಒಳ್ಳೆಯವರು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುತ್ತಾರೆ. ಆ ಅರ್ಧ ಗಂಟೆಯ ಕೆಲಸ ಉಕ್ಕಿನಡ್ಕದಲ್ಲಿ ಆಗಬೇಕು. ನಾನು ಕೇಳುತ್ತಿರುವುದು ಅಷ್ಟೇ.

ಮಂಗಳೂರು ಹತ್ತಿರವಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹತ್ತಿರವೇ. ಆದರೆ ಅಲ್ಲಿ ಪ್ರತಿ ಭೇಟಿಗೂ ಕೈಯಿಂದ ಹಣ ಹೋಗಬೇಕು. ಇನ್ನೊಂದು ಮಾತೂ ಇದೆ. 2020ರ ಮಾರ್ಚಿನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿ ದಾಟಲಾಗದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ಸತ್ತರು. ಮಂಗಳೂರನ್ನು ನಂಬಿ ಕೂರಬೇಡಿ, ಇನ್ನು ಎಲ್ಲವೂ ಇಲ್ಲೇ ಬರುತ್ತದೆ ಎಂದು ಆಗ ನಮಗೆ ಹೇಳಿದ್ದು ಯಾರು? 2013ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾದ ಮೆಡಿಕಲ್ ಕಾಲೇಜು ನಮ್ಮ ಪಂಚಾಯತಿನಲ್ಲೇ ಇದೆ. ಇವರ ಬಸ್ಸು ದಿನವೂ ಅದರ ಎದುರಿನಿಂದಲೇ ಹೋಗುತ್ತಿತ್ತು. ಕಟ್ಟಡ ಏಳುವುದನ್ನು ನೋಡುತ್ತಾ ನೋಡುತ್ತಾ ಇವರ ಕೈ ನಡುಗಲು ತೊಡಗಿತು. ನರರೋಗ ವಿಭಾಗ ಎಂಬ ಫಲಕ ಸಾಲದು ಸಚಿವರೇ, ಪ್ರೋಗ್ರಾಮರ್ ಹಿಡಿದು ಕೂರುವ ಮನುಷ್ಯರು ಬೇಕು. ತಿಂಗಳಿಗೆ ಒಂದು ದಿನ.

ಈಗ ನನ್ನನ್ನು ಈ ಪತ್ರ ಬರೆಸಿದ ಸಂಗತಿಗೆ ಬರುತ್ತೇನೆ.

ಅಂಗವೈಕಲ್ಯದ ಸರ್ಟಿಫಿಕೇಟಿಗಾಗಿ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ಬೋರ್ಡಿನ ಮುಂದೆ ಇವರನ್ನು ಕರೆದುಕೊಂಡು ಹೋದೆ. 2016ರ ಕಾಯಿದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ನಿಮಗೆ ಗೊತ್ತು, ಬೋರ್ಡಿನಲ್ಲಿ ಕೂತವರಿಗೂ ಗೊತ್ತಿರಬೇಕು. ಇವರು ಆಟೋದಿಂದ ಇಳಿದು ನಡೆದುಕೊಂಡೇ ಒಳಗೆ ಹೋದರು. ಅದೇ ತಪ್ಪಾಯಿತು. ಒಬ್ಬ ಡಾಕ್ಟರು ಕಡತದಿಂದ ತಲೆಯೆತ್ತಿ, "ನಡುಕ ಎಲ್ಲಿದೆ?" ಎಂದರು. ಯಂತ್ರದ ಬಲದಿಂದ ನಿಂತಿದೆ ಎಂದು ಹೇಳಿ, ಎದೆಯ ಉಬ್ಬು ತೋರಿಸಿದೆ, ಡಿಸ್ಚಾರ್ಜ್ ಚೀಟಿ ಕೊಟ್ಟೆ. ಅವರು ಅದನ್ನು ತಿರುಗಿಸಿಯೂ ನೋಡಲಿಲ್ಲ. "ಹಾಗಾದರೆ ಅದನ್ನು ಒಮ್ಮೆ ಆಫ್ ಮಾಡಿ. ಕಾಯಿಲೆ ಎಷ್ಟಿದೆ ನೋಡೋಣ" ಎಂದರು.

ನಾನು ಬೇಡ ಎಂದೆ. ಇವರು ಸ್ವಾಭಿಮಾನಿ, ಸುಳ್ಳು ಹೇಳುತ್ತಿದ್ದೇವೆ ಎಂದುಕೊಂಡಾರು ಎಂದು ತಾವೇ ರಿಮೋಟ್ ತೆಗೆದು ಆಫ್ ಮಾಡಿದರು. ಕೆಲವೇ ನಿಮಿಷ. ಮೊದಲು ಹೆಬ್ಬೆರಳು, ಆಮೇಲೆ ಕೈ, ಆಮೇಲೆ ಗದ್ದ. ಕುರ್ಚಿಯ ಕಾಲು ನೆಲಕ್ಕೆ ಕಟಕಟ ಬಡಿಯತೊಡಗಿತು. ಹೊರಗೆ ಟೋಕನ್ ಹಿಡಿದು ನಿಂತವರು ಬಾಗಿಲಿಗೆ ಬಂದು ನೋಡಿದರು. ಒಬ್ಬ ಹುಡುಗ ಮೊಬೈಲ್ ಎತ್ತಿದ, ಅವನಿಗೆ ನಾನು ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ. ಪುನಃ ಆನ್ ಮಾಡಹೊರಟರೆ ರಿಮೋಟ್ ಹಿಡಿಯುತ್ತಿಲ್ಲ. ಅದನ್ನು ಪೆಟ್ಟಿಗೆಯ ನೇರಕ್ಕೆ ಅಲುಗದೆ ಹಿಡಿಯಬೇಕು. ಅಲುಗದೆ ಹೇಗೆ ಹಿಡಿಯುವುದು, ಎದೆಯೇ ಅಲುಗುತ್ತಿದೆ! ನನ್ನ ಕೈಯೂ ಅಲುಗುತ್ತಿತ್ತು. ಅಷ್ಟರಲ್ಲಿ ಬೋರ್ಡಿನವರು ಮುಂದಿನ ಟೋಕನ್ ಕರೆದಿದ್ದರು. ಇವರನ್ನು ಕುರ್ಚಿ ಸಮೇತ ಬದಿಗೆ ಸರಿಸಿದ್ದು ಒಬ್ಬ ಅಟೆಂಡರ್, ಬೆವರು ಒರೆಸಿದ್ದೂ ಅವರೇ.

ಸರ್ಟಿಫಿಕೇಟ್ ಬಂತು. ಯಂತ್ರದ ಸಹಾಯದಿಂದ ನಡೆಯುತ್ತಾರೆ ಎಂಬ ಕಾರಣಕ್ಕೆ 40 ಶೇಕಡಕ್ಕಿಂತ ಕಡಿಮೆ. 40ರ ಕೆಳಗಿನ ಕಾಗದದಿಂದ ಪೆನ್ಶನ್ ಇಲ್ಲ, ಏನೂ ಇಲ್ಲ ಎಂಬ ನಿಯಮ ನಿಮಗೆ ಗೊತ್ತಿರುವುದೇ. ಹಾಗಾದರೆ ಆಫ್ ಮಾಡಿಸಿ ನೋಡಿದ್ದು ಯಾತಕ್ಕೆ, ಕುತೂಹಲಕ್ಕೋ? ಹೃದಯಕ್ಕೆ ಪೇಸ್‌ಮೇಕರ್ ಇದ್ದವರು ಬಂದರೆ ಅವರಿಗೂ ಒಮ್ಮೆ ಆಫ್ ಮಾಡಿ ತೋರಿಸಿ ಎನ್ನುತ್ತೀರಾ? ಬೋರ್ಡಿನಲ್ಲಿ ಒಬ್ಬ ನರರೋಗ ತಜ್ಞರಿದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಇನ್ನೊಂದು ಸಲ ಇವರ ಹೆಗಲು ನೋವಿಗೆ ಬೇರೊಂದು ಕಡೆ ಶಾರ್ಟ್‌ವೇವ್ ಡಯಾಥರ್ಮಿ (ತರಂಗಗಳಿಂದ ಮೈಯೊಳಗೆ ಬಿಸಿ ಕೊಡುವ ಚಿಕಿತ್ಸೆ) ಕೊಡಲು ಸಿದ್ಧ ಮಾಡಿದ್ದರು. ಡಿಬಿಎಸ್ ತಂತಿ ಇರುವವರಿಗೆ ಅದನ್ನು ಯಾವ ಕಾರಣಕ್ಕೂ ಕೊಡಬಾರದು. ತಂತಿಯ ಮೂಲಕ ಬಿಸಿ ಮೆದುಳಿಗೆ ಏರಿ ಪ್ರಾಣವೇ ಹೋದೀತು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಓದಿದ್ದೆ, ಕೂಗಿ ನಿಲ್ಲಿಸಿದೆ. ಓದಲು ಬಾರದ ಹೆಂಡತಿ ಇದ್ದಿದ್ದರೆ?

ಈಗ ಬ್ಯಾಟರಿ. ಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ಇವರದ್ದು ಮುಗಿಯುತ್ತಾ ಬಂದಿದೆ ಎಂದು ರಿಮೋಟ್ ತೋರಿಸುತ್ತಿದೆ. ಹೊಸದಕ್ಕೆ ಲಕ್ಷಗಟ್ಟಲೆ ಬೇಕು. ಅರ್ಜಿ ಹಾಕಿದ ಕಚೇರಿಯವರು ಹೇಳಿದ್ದು: ಆಪರೇಷನ್ ಚಿಕಿತ್ಸೆ, ಬ್ಯಾಟರಿ ನಿರ್ವಹಣಾ ವೆಚ್ಚ. ಬಸ್ಸಿನ ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡಬಹುದು, ಇವರನ್ನು ಎಲ್ಲಿಂದ ತಳ್ಳಲಿ? ವರ್ಷಗಟ್ಟಲೆ ಇದ್ದ ಮಿಡಿತ ಒಮ್ಮೆಲೇ ನಿಂತರೆ ರೋಗ ಮೊದಲಿಗಿಂತ ಜೋರಾಗಿ ಮೇಲೆ ಬರಬಹುದು, ಕೆಲವರಿಗೆ ನುಂಗಲೂ ಆಗದೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಇದು ನಿರ್ವಹಣಾ ವೆಚ್ಚವಂತೆ.

ನಮ್ಮೊಬ್ಬರ ಮನೆಯ ಕತೆ ಎಂದು ತಳ್ಳಿಹಾಕಬೇಡಿ. ಎಣ್ಮಕಜೆ ಕಡೆಯ ಒಬ್ಬ ಹುಡುಗನ ತಾಯಿ ನನಗೆ ಪರಿಚಯ. ಹುಟ್ಟಿನಿಂದ ಕೈಕಾಲು ಸೆಟೆದುಕೊಂಡೇ ಇದೆ, ಕತ್ತರಿಯಂತಾದ ಕಾಲುಗಳ ನಡುವೆ ಬಟ್ಟೆ ಬದಲಿಸಲೂ ಇಬ್ಬರು ಬೇಕು. ಸೆಟೆತ ಇಳಿಸುವ ಬ್ಯಾಕ್ಲೋಫೆನ್ ಮಾತ್ರೆಯನ್ನು ಬಾಯಿಯಿಂದ ಕೊಟ್ಟರೆ ಹುಡುಗ ದಿನವಿಡೀ ಮಂಪರಿನಲ್ಲಿರುತ್ತಾನೆ. ಅದೇ ಔಷಧವನ್ನು ಹೊಟ್ಟೆಯ ಚರ್ಮದ ಕೆಳಗೆ ಪಂಪ್ ಇಟ್ಟು, ಸಣ್ಣ ಕೆತೀಟರ್ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಬಿಟ್ಟರೆ ಮಿಲಿಗ್ರಾಮಿನ ಬದಲು ಮೈಕ್ರೋಗ್ರಾಮ್ ಸಾಕು. ಮೆದುಳಿನ ತೊಂದರೆಯಿಂದ ಬರುವ ಸೆಟೆತಕ್ಕೆ ಅಮೆರಿಕದಲ್ಲಿ 1996ರಿಂದ ಇದು ನಡೆಯುತ್ತಿದೆ. ಆದರೆ ಕೆಲವು ತಿಂಗಳಿಗೊಮ್ಮೆ ಪಂಪಿಗೆ ಸೂಜಿಯಿಂದ ಔಷಧ ತುಂಬಿಸಬೇಕು. ತಪ್ಪಿ ಖಾಲಿಯಾದರೆ ವಿಪರೀತ ಜ್ವರ, ಫಿಟ್ಸ್, ಸಾವೂ ಬರಬಹುದು. "ನಿಮ್ಮ ಊರಲ್ಲಿ ತುಂಬಿಸುವವರು ಯಾರಮ್ಮ?" ಎಂದು ಡಾಕ್ಟರು ಕೇಳಿದರಂತೆ. ಆ ತಾಯಿ ಉತ್ತರವಿಲ್ಲದೆ ವಾಪಸು ಬಂದಳು.

ಇದೇ ಊರುಗಳ ಗೇರುತೋಟಗಳ ಮೇಲೆ ಸರ್ಕಾರದ ನಿಗಮವೇ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ನಮ್ಮವರ ಕಾಯಿಲೆಗೆ ಅದೇ ಕಾರಣ ಎಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಿಲ್ಲ. ಆದರೆ ಮೆದುಳು, ನರಗಳ ತೊಂದರೆಯ ಮಕ್ಕಳು ಇಷ್ಟೊಂದಿರುವ ಜಿಲ್ಲೆಗೆ ನರರೋಗ ಚಿಕಿತ್ಸೆ ಕೊನೆಗೆ ಬರಬೇಕೋ, ಮೊದಲು ಬರಬೇಕೋ? 2022ರ ಅಕ್ಟೋಬರಿನಲ್ಲಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿಯವರು ಇಳಿವಯಸ್ಸಿನಲ್ಲಿ ಸೆಕ್ರೆಟರಿಯೇಟಿನ ಮುಂದೆ ಉಪವಾಸ ಕೂತದ್ದು ನಮಗಾಗಿಯೇ. ವಿಷ ಸುರಿಯಲು ಹೆಲಿಕಾಪ್ಟರ್ ಇಲ್ಲಿಯವರೆಗೆ ಬಂತು, ಡಾಕ್ಟರಿಗೆ ಮಾತ್ರ ದೂರವಾಗುತ್ತದೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಈಗ ತಲೆಬುರುಡೆ ಕೊರೆಯದೆ, ಕತ್ತಿನ ರಕ್ತನಾಳದೊಳಗೆ ಕೆತೀಟರ್ ತೂರಿಸಿ ಮೆದುಳಿನ ಪಕ್ಕದ ನಾಳದಲ್ಲಿ ಎಲೆಕ್ಟ್ರೋಡ್ ಕೂರಿಸಿದ್ದಾರೆ ಎಂದು ಓದಿದೆ. ಕೈಕಾಲು ಆಡದವರು ಅದರ ಸಹಾಯದಿಂದ ಕಂಪ್ಯೂಟರ್ ನಡೆಸುತ್ತಾರಂತೆ. ಸಂತೋಷ. ನಾನು ಅದನ್ನು ಕೇಳುತ್ತಿಲ್ಲ. ಈಗಾಗಲೇ ಮೆದುಳಿನೊಳಗಿರುವ ತಂತಿಯನ್ನು ಸಂಭಾಳಿಸಲು ಒಬ್ಬರನ್ನು ಕೇಳುತ್ತಿದ್ದೇನೆ. ಬರಲು ಆಗದಿದ್ದರೆ, ಕೆಲವು ಮಾದರಿಯ ಯಂತ್ರಗಳನ್ನು ಇಂಟರ್ನೆಟ್ ಮೂಲಕವೇ ದೂರದಿಂದ ಹೊಂದಿಸಲು ಅಮೆರಿಕದಲ್ಲಿ 2021ರಲ್ಲೇ ಅನುಮತಿ ಸಿಕ್ಕಿದೆ. ಮನೆಯಿಂದಲೇ ವೀಡಿಯೋದಲ್ಲಿ ಡಾಕ್ಟರಿಗೆ ತೋರಿಸುವ ಸರ್ಕಾರದ ಇ-ಸಂಜೀವನಿ ಇದೆ. ನೆಗಡಿ ಜ್ವರಕ್ಕೆ ಮಾತ್ರವೇ ಅದು?

ಹಾಗಾಗಿ ಪುನಃ ಬರೆಯುತ್ತೇನೆ. ಉಕ್ಕಿನಡ್ಕಕ್ಕೆ ತಿಂಗಳಿಗೊಮ್ಮೆ ಡಿಬಿಎಸ್ ಹೊಂದಿಸಬಲ್ಲ, ಪಂಪ್ ತುಂಬಿಸಬಲ್ಲ ತಜ್ಞರನ್ನು ಕಳಿಸಿ. ಬ್ಯಾಟರಿಯನ್ನು ಚಿಕಿತ್ಸೆ ಎಂದು ಒಪ್ಪುವ ಆದೇಶ ಹೊರಡಿಸಿ. ಯಂತ್ರ ಆಫ್ ಮಾಡಿ ತೋರಿಸಿ ಎಂದು ಇನ್ನು ಯಾವ ಬೋರ್ಡೂ ಕೇಳದಂತೆ ಒಂದು ಸುತ್ತೋಲೆ ಕಳಿಸಿ, ಅದಕ್ಕಂತೂ ಖರ್ಚು ಒಂದು ಹಾಳೆ ಕಾಗದ. ನಮ್ಮ ಮರುಪರಿಶೀಲನೆಯ ಅರ್ಜಿ ನಿಮ್ಮ ಇಲಾಖೆಯಲ್ಲೇ ಇದೆ. ಮುಂದಿನ ಬೋರ್ಡಿಗೆ ಇವರನ್ನು ಕರೆದುಕೊಂಡು ಹೋಗುತ್ತೇನೆ, ರಿಮೋಟ್ ಮಾತ್ರ ನನ್ನ ಚೀಲದಲ್ಲಿರುತ್ತದೆ, ಯಾರು ಕೇಳಿದರೂ ಕೊಡುವುದಿಲ್ಲ.

ಇತಿ,
ಬದಿಯಡ್ಕ ಪಂಚಾಯತಿನ ಒಬ್ಬ ಅಂಗನವಾಡಿ ಟೀಚರ್

ಪ್ರತಿ: ಜಿಲ್ಲಾಧಿಕಾರಿಗಳು, ಕಾಸರಗೋಡು, ಜಿಲ್ಲಾ ವೈದ್ಯಾಧಿಕಾರಿಗಳು, ಕಾಸರಗೋಡು