ಸೈಕಲ್‌ನಲ್ಲಿ ಆಫೀಸಿಗೆ: ಅಂಜಿಕೆ ಬಿಟ್ಟ ಮೇಲೆ

ಮಾನ್ಯರೇ,

2017ರಲ್ಲಿ ಮೈಸೂರಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್‌ಗಳು ಬಂದಾಗಿನಿಂದಲೂ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವ ಆಸೆ ನನಗಿತ್ತು. ಧೈರ್ಯ ಬಂದದ್ದು ಈ ವರ್ಷ. ಕುವೆಂಪುನಗರದಿಂದ ಕೆ.ಆರ್. ವೃತ್ತದ ಹತ್ತಿರದ ಆಫೀಸಿಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ.

ತಡೆದದ್ದು ದೂರ ಅಲ್ಲ. ಬೆವರು, ಬಸ್ಸುಗಳ ಭಯ, ಎಲ್ಲಕ್ಕಿಂತ ಜಾಸ್ತಿ ಜನರ ಮಾತು. ‘ಯಾಕ್ ಸಾರ್, ಗಾಡಿ ಮಾರಿಬಿಟ್ರಾ?’ ಎಂದು ಮೊದಲ ವಾರ ಕೇಳಿದವರು ಈಗ ಕೇಳುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಸುಮ್ನೆ ಆಫೀಸಿನವರೆಗೆ ಹೋಗಿ ಬಂದೆ. ಅರ್ಧ ಭಯ ಅಲ್ಲೇ ಇಳಿಯಿತು. ಎಲ್ಲಿ ಗುಂಡಿ ಇದೆ, ಯಾವ ಒಳರಸ್ತೆ ಹಿಡಿದರೆ ದೊಡ್ಡ ಸರ್ಕಲ್ ತಪ್ಪುತ್ತದೆ ಎಂದು ಗೊತ್ತಾಯಿತು. ಈಗ ಸ್ವಲ್ಪ ಬೇಗ ಹೊರಡುತ್ತೇನೆ. ಇಸ್ತ್ರಿ ಮಾಡಿದ ಅಂಗಿ ಬ್ಯಾಗಿನಲ್ಲಿರುತ್ತದೆ. ಬ್ಯಾಗನ್ನು ಕ್ಯಾರಿಯರ್‌ಗೆ ಕಟ್ಟಿದರೆ ಬೆನ್ನು ಅಷ್ಟು ಬೆವರುವುದಿಲ್ಲ. ಕತ್ತಲಾದರೆ ಹಿಂದೆ ಕೆಂಪು ದೀಪ ಬೇಕೇ ಬೇಕು, ಇದರಲ್ಲಿ ಉದಾಸೀನ ಬೇಡ.

ಪೇಪರ್ ಹಾಕುವವರು, ಗಾರೆ ಕೆಲಸದವರು ದಿನವೂ ಸೈಕಲ್ ತುಳಿಯುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ. ಆಫೀಸಿಗೆ ಹೋಗುವವರು ತುಳಿದರೂ ಅದು ಅಷ್ಟೇ ಸಹಜ ಅಲ್ವಾ?

ಕಚೇರಿಗಳೂ ಸ್ವಲ್ಪ ಮನಸ್ಸು ಮಾಡಬೇಕು. ಸೈಕಲ್ ನಿಲ್ಲಿಸಿ ಬೀಗ ಹಾಕಲು ನೆರಳಿನಲ್ಲಿ ಒಂದಿಷ್ಟು ಜಾಗ, ಮುಖ ತೊಳೆದು ಬಟ್ಟೆ ಬದಲಿಸಲು ಒಂದು ಕೋಣೆ, ಇಷ್ಟು ಸಾಕು. ಬಸ್ ಚಾಲಕರಲ್ಲಿ ಒಂದು ಕೋರಿಕೆ: ತೀರಾ ಹತ್ತಿರ ಬಂದು ಹಾರ್ನ್ ಮಾಡಬೇಡಿ. ಹೊಸಬರು ಬೆದರಿ ಸೈಕಲ್ ಬಿಟ್ಟುಬಿಡುವುದು ಅಲ್ಲೇ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು